ಸೆಲೂನು ಕೆಲಸ ಕಲಿಯುವವರಿಗೆ: ಅಂಗಡಿ, ಐಟಿಐ, ಅಪ್ರೆಂಟಿಸ್ – ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಕಾಞಂಗಾಡಿನವರೆಗೆ, ಸೆಲೂನು ಕೆಲಸ ಕಲಿಯಲು ಹೊರಡುವ ಹುಡುಗ ಹುಡುಗಿಯರು ಎಡವುವುದು ಎರಡೇ ಜಾಗದಲ್ಲಿ. ಕೆಲವರು ಮೂರು ತಿಂಗಳ ಡಿಪ್ಲೊಮಾ ಅಂತ ಸಾಲ ಮಾಡಿ ಫೀಸು ಕಟ್ಟುತ್ತಾರೆ. ಹೊರಗೆ ಬರುವಾಗ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇರುತ್ತದೆ, ಆದರೆ ಕುರ್ಚಿಯಲ್ಲಿ ಕೂತವರ ತಲೆ ಮುಟ್ಟಲು ಕೈ ನಡುಗುತ್ತದೆ. ಇನ್ನು ಕೆಲವರು ಗುರುತಿನವರ ಅಂಗಡಿಗೆ ಸೇರಿ ವರ್ಷಗಟ್ಟಲೆ ಕೂದಲು ಗುಡಿಸುತ್ತಾರೆ, ಕೈ ಒಂದಿಷ್ಟು ಪಳಗುತ್ತದೆ, ಕಾಗದ ಮಾತ್ರ ಒಂದೂ ಇರುವುದಿಲ್ಲ, ಗಲ್ಫಿನ ಮಾತು ಬಂದಾಗ ಅಥವಾ ಮಂಗಳೂರಿನ ದೊಡ್ಡ ಸೆಲೂನಿಗೆ ಅರ್ಜಿ ಹಾಕಿದಾಗ ಅಲ್ಲೇ ನಿಂತುಬಿಡುತ್ತಾರೆ. ಇಬ್ಬರೂ ಸೋಮಾರಿಗಳಲ್ಲ. ಕ್ರಮ ತಪ್ಪಿದ್ದು ಅಷ್ಟೇ.

ಆ ಕ್ರಮವನ್ನೇ ಕೆಳಗೆ ಬರೆದಿದ್ದೇನೆ. ಹಂತ ಹಾರಿಸಬೇಡಿ. ಅದರಲ್ಲೂ ಮೊದಲನೆಯದನ್ನು.

ಹಂತ 1: ಫೀಸು ಕಟ್ಟುವ ಮೊದಲು ಅಂಗಡಿಯಲ್ಲಿ ನಿಂತು ನೋಡಿ

ಶಾಲೆಗೆ ರಜೆ ಇರುವಾಗ ಹತ್ತಿರದ ಒಂದು ಸೆಲೂನು ಅಥವಾ ಪಾರ್ಲರಿನಲ್ಲಿ ಕೆಲವು ವಾರ ಸುಮ್ನೆ ಸಹಾಯಕ್ಕೆ ನಿಲ್ಲಿ. ನಮ್ಮ ಕಡೆ ಹೆಚ್ಚಿನ ಅಂಗಡಿಗಳಿಗೆ ಮಂಗಳವಾರ ರಜೆ, ಭಾನುವಾರ ವಿಪರೀತ ಜನ. ನೀವು ನಿಲ್ಲಬೇಕಾದ್ದು ಭಾನುವಾರವೇ. ಬೆಳಗ್ಗಿನಿಂದ ರಾತ್ರಿವರೆಗೆ ಕಾಲ ಮೇಲೆ ನಿಂತು, ಬೇರೆಯವರ ಬೆವರಿನ ಕುತ್ತಿಗೆ ಒರೆಸಿ, ತಲೆಹೊಟ್ಟು ನೋಡಿ, ಹತ್ತು ಜನರ ಹತ್ತು ಕತೆಗೆ ತಲೆಯಾಡಿಸಿ, ಆಮೇಲೂ ನಾಳೆ ಬರಬೇಕು ಅನಿಸಿದರೆ ಮುಂದಿನ ಹಂತಕ್ಕೆ ಹೋಗಿ.

ಬೆನ್ನು ನೋವು, ಕಾಲು ನೋವು ಎಲ್ಲರಿಗೂ ಬರುತ್ತದೆ, ಅದಕ್ಕೆ ಹೆದರಬೇಡಿ. ಆದರೆ ನೀರು, ಶಾಂಪೂ ತಾಗಿದ ಕೂಡಲೇ ಬೆರಳ ಸಂದಿ ಕೆಂಪಾಗಿ ಬಿರಿಯುತ್ತದೆ ಅಂತಾದರೆ ಅದನ್ನು ಈಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ದಿನವಿಡೀ ಒದ್ದೆ ಕೈಯಲ್ಲಿ ಮಾಡುವ ಕೆಲಸ ಇದು. ಎರಡು ವರ್ಷ ಕಲಿತ ಮೇಲೆ ಅಲರ್ಜಿ ಅಂತ ಬಿಟ್ಟವರೂ ಇದ್ದಾರೆ.

ಇದು ಒಂದು ಜಾತಿಯವರ ಕೆಲಸ ಎಂದು ಮನೆಯಲ್ಲಿ ಯಾರಾದರೂ ಮೂಗು ಮುರಿದರೆ ಆ ಜಗಳವನ್ನೂ ಈ ಹಂತದಲ್ಲೇ ಮುಗಿಸಿಕೊಳ್ಳಿ. ಫೀಸು ಕಟ್ಟಿದ ಮೇಲೆ ಆ ಜಗಳ ದುಬಾರಿ.

ಹಂತ 2: ಹತ್ತನೇ ತರಗತಿ ಮುಗಿಸಿಯೇ ಮುಗಿಸಿ

"ಕತ್ತರಿ ಹಿಡಿಯಲು ಎಸ್ಸೆಸ್ಸೆಲ್ಸಿ ಯಾಕೆ?" ಅಂತ ಕೇಳುತ್ತಾರೆ. ಕತ್ತರಿಗೆ ಬೇಡ, ಮುಂದಿನ ಬಾಗಿಲುಗಳಿಗೆ ಬೇಕು. ಐಟಿಐಯ ಕಾಸ್ಮೆಟಾಲಜಿ (ಸೌಂದರ್ಯ ಆರೈಕೆ) ಟ್ರೇಡಿಗೆ ಹತ್ತನೇ ತರಗತಿ ಪಾಸಾಗಿರಬೇಕು. ಇನ್ನೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಸರಕಾರದ ವಲಸೆ ಅನುಮತಿ ಬೇಕಾದ) ವರ್ಗಕ್ಕೆ ಬೀಳುತ್ತದೆ, ಆಗ ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್‌ಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಪ್ರತ್ಯೇಕವಾಗಿ ತೆಗೆಯಬೇಕು. ನಮ್ಮ ಜಿಲ್ಲೆಯಿಂದ ಹೋಗುವವರ ದಾರಿ ಹೆಚ್ಚಾಗಿ ಅಲ್ಲಿಗೇ ಅಲ್ವಾ?

ಫೇಲಾಗಿ ಬಿಟ್ಟವರಿಗೆ ಕೇರಳದ ಸಾಕ್ಷರತಾ ಮಿಷನ್ ನಡೆಸುವ ಹತ್ತನೇ ತರಗತಿಯ ತತ್ಸಮಾನ ಪರೀಕ್ಷೆ ಉಂಟು. ಪಂಚಾಯತ್ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮಲಯಾಳಕ್ಕೆ ಹೋಗುವಷ್ಟರಲ್ಲಿ ನಮ್ಮವರ ಹೆಸರು ಮೂರು ರೂಪ ತಾಳಿರುತ್ತದೆ. ಸ್ಟೈಪೆಂಡ್ (ಕಲಿಯುವಾಗ ಸಿಗುವ ಭತ್ಯೆ) ಖಾತೆಗೆ ಬರದೆ ಸಿಕ್ಕಿಹಾಕಿಕೊಳ್ಳುವುದು ಇಂಥದರಲ್ಲೇ.

ಹಂತ 3: ದಾರಿ ಆರಿಸಿ

ಮೂರು ದಾರಿ ಉಂಟು. ಮೂರಕ್ಕೂ ಒಂದೊಂದು ಕೊರತೆ ಇದೆ, ಅದನ್ನು ತಿಳಿದೇ ಸೇರಿ.

*ಐಟಿಐ.* ಕಾಸ್ಮೆಟಾಲಜಿ ಒಂದು ವರ್ಷದ ಟ್ರೇಡ್. ಮುಗಿಸಿ ಪರೀಕ್ಷೆ ಪಾಸಾದರೆ ದೇಶವಿಡೀ ನಡೆಯುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಸಿಗುತ್ತದೆ. ಸರಕಾರಿ ಐಟಿಐಯಲ್ಲಿ ಖರ್ಚು ತೀರಾ ಕಡಿಮೆ. ಆದರೆ ಇದರಲ್ಲಿ ಚರ್ಮದ ಆರೈಕೆ, ಮೇಕಪ್, ಉಗುರು, ಕೂದಲು ಎಲ್ಲವೂ ಸೇರಿದೆ. ಹೇರ್‌ಕಟ್ ಅದರ ಒಂದು ಭಾಗ ಮಾತ್ರ, ಗಂಡಸರ ಫೇಡ್ (ಕೆಳಗೆ ತೀರಾ ಗಿಡ್ಡ, ಮೇಲೆ ಹೋದಂತೆ ಉದ್ದವಾಗುವ ಕಟ್) ಮತ್ತು ಗಡ್ಡದ ಕೆಲಸ ಇನ್ನೂ ಕಡಿಮೆ. ಹಾಗಾಗಿ ಐಟಿಐ ಒಂದರಿಂದಲೇ ಕೈ ಪಳಗುತ್ತದೆ ಅಂದುಕೊಳ್ಳಬೇಡಿ, ಸಂಜೆ ಅಂಗಡಿಯಲ್ಲಿ ನಿಲ್ಲಬೇಕು. ಕೇರಳದಲ್ಲಿ ಅರ್ಜಿ ಆನ್‌ಲೈನ್. ಸರಕಾರದ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಹಾಕಿಸಬಹುದು. ಎಲ್ಲ ಐಟಿಐಯಲ್ಲೂ ಈ ಟ್ರೇಡ್ ಇಲ್ಲ, ಮೊದಲು ಟ್ರೇಡಿನ ಪಟ್ಟಿ ನೋಡಿ, ಆಮೇಲೆ ಊರು ಆರಿಸಿ. ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಸೇರುವ ಯೋಚನೆ ಇದ್ದರೆ ಕೇರಳದ ವಾಸದ ದಾಖಲೆಗೆ ಅಲ್ಲಿ ಯಾವ ಸೀಟು ಸಿಗುತ್ತದೆ ಎಂದು ಅರ್ಜಿ ಹಾಕುವ ಮೊದಲೇ ಕೇಳಿ, ಮೀಸಲಾತಿ ಪಟ್ಟಿ ಎರಡೂ ರಾಜ್ಯದಲ್ಲಿ ಒಂದೇ ಅಲ್ಲ.

*ಅಪ್ರೆಂಟಿಸ್.* ಇಲ್ಲಿ ಗೊಂದಲ ಜಾಸ್ತಿ. ಉಪ್ಪಳ, ಕುಂಬಳೆ, ಬದಿಯಡ್ಕದ ಎರಡು ಕುರ್ಚಿಯ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತರೆ ಅದು ಕಾನೂನಿನ ಲೆಕ್ಕದಲ್ಲಿ ಅಪ್ರೆಂಟಿಸ್ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, 2019ರ ತಿದ್ದುಪಡಿಯ ನಂತರ, 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಜನರಿದ್ದರೆ ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. ಅಂದರೆ ಕಾಗದ ಸಿಗುವ ಅಪ್ರೆಂಟಿಸ್ ಬೇಕಾದರೆ ದೊಡ್ಡ ಸರಣಿ ಸೆಲೂನುಗಳ ಕಡೆ ನೋಡಬೇಕು, ಮಂಗಳೂರು, ಕಣ್ಣೂರು, ಕೊಚ್ಚಿ, ಬೆಂಗಳೂರು. ಇದು ಕೇಂದ್ರದ ಕಾಯ್ದೆ, ಆದ್ದರಿಂದ ಗಡಿ ದಾಟಿದರೂ ಹಕ್ಕು ಬದಲಾಗುವುದಿಲ್ಲ. ಗಡಿಯಲ್ಲಿರುವ ನಮಗೆ ಇದು ದೊಡ್ಡ ಅನುಕೂಲ, ಬಳಸುವವರು ಕಡಿಮೆ.

ಸೇರುವಾಗ ಒಪ್ಪಂದ ಸರಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಣಿಯಾಗಬೇಕು. ಸ್ಟೈಪೆಂಡ್ ಬ್ಯಾಂಕಿಗೇ ಬರಬೇಕು. 2019ರ ನಿಯಮದಲ್ಲಿ ಹತ್ತನೇ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ ಎಂದಿತ್ತು. ಸೇರುವ ವರ್ಷದ ದರವನ್ನು ಪೋರ್ಟಲಿನಲ್ಲಿ ನೋಡಿ. "ಮೊದಲು ಆರು ತಿಂಗಳು ಸುಮ್ನೆ ಕಲಿ, ಆಮೇಲೆ ಪೇಪರ್ ಮಾಡುವ" ಅಂದರೆ ಆ ಪೇಪರ್ ಆಗುವುದಿಲ್ಲ ಎಂದೇ ತಿಳಿಯಿರಿ.

*ಸಣ್ಣ ಅವಧಿಯ ಕೋರ್ಸ್.* ಸೆಕ್ಟರ್ ಸ್ಕಿಲ್ ಕೌನ್ಸಿಲ್ (ಆಯಾ ಕಸುಬಿನ ಕೌಶಲ ಮಂಡಳಿ) ಮಾನ್ಯತೆ ಇರುವ ಸಹಾಯಕ ಹೇರ್‌ಡ್ರೆಸರ್, ಹೇರ್‌ಡ್ರೆಸರ್ ಮತ್ತು ಸ್ಟೈಲಿಸ್ಟ್ ಕೋರ್ಸ್‌ಗಳು ಒಳ್ಳೆಯವೇ. ಅಂಗಡಿಯಲ್ಲಿ ಈಗಾಗಲೇ ವರ್ಷಗಟ್ಟಲೆ ಕೆಲಸ ಮಾಡಿದವರು ಪೂರ್ತಿ ಕೋರ್ಸ್ ಮಾಡದೆ, ಇದ್ದ ಕೌಶಲಕ್ಕೇ ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ಪಡೆಯುವ ಆರ್‌ಪಿಎಲ್ ಎಂಬ ದಾರಿಯೂ ಇದೆ. ಗುಡಿಸುತ್ತಾ ಉಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಖಾಸಗಿ ಅಕಾಡೆಮಿಗೆ ಹೋಗುವುದಾದರೆ ಈ ಲಕ್ಷಣ ಕಂಡ ಕೂಡಲೇ ಎದ್ದು ಬನ್ನಿ: ಸರ್ಟಿಫಿಕೇಟ್ ಯಾರು ಕೊಡುವುದು ಎಂದರೆ "ಇಂಟರ್‌ನ್ಯಾಷನಲ್" ಎಂಬ ಒಂದೇ ಉತ್ತರ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂಬ ಮಾತು. ಇಡೀ ಫೀಸು ಇವತ್ತೇ ಕಟ್ಟಿದರೆ ರಿಯಾಯಿತಿ ಎಂಬ ಅವಸರ. ಮತ್ತೆ, ನಡೆಯುತ್ತಿರುವ ಕ್ಲಾಸನ್ನು ತೋರಿಸಲು ಒಪ್ಪದಿರುವುದು. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ. ಕೋರ್ಸ್ ಮುಗಿಯುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟು ನಿಜವಾದ ತಲೆಗೆ ಕತ್ತರಿ ಹಾಕಿರುತ್ತಾನೆ? ಸಂಖ್ಯೆ ಹೇಳಲಾಗದಿದ್ದರೆ ಅಲ್ಲಿ ಕಲಿಯುವುದು ಏನೂ ಇಲ್ಲ.

ಹಂತ 4: ಸಾಮಾನು ಸ್ವಲ್ಪವೇ ತೆಗೆದುಕೊಳ್ಳಿ

ಶುರುವಿಗೆ ಬೇಕಾದ್ದು ಇಷ್ಟೇ: 5.5 ಅಥವಾ 6 ಇಂಚಿನ ಒಂದು ಒಳ್ಳೆಯ ಕತ್ತರಿ, ಕಟಿಂಗ್ ಬಾಚಣಿಗೆ, ಬಾಲದ ಬಾಚಣಿಗೆ, ಕೂದಲು ಹಿಡಿಸುವ ಕ್ಲಿಪ್ಪುಗಳು, ನೀರಿನ ಸ್ಪ್ರೇ ಬಾಟಲಿ, ಹೊದಿಸುವ ಬಟ್ಟೆ, ಸ್ಟ್ಯಾಂಡಿನ ಜೊತೆ ಒಂದು ಡಮ್ಮಿ ತಲೆ. ಮೆಷಿನ್ ಆಮೇಲೆ. ಕೂದಲು ತೆಳು ಮಾಡುವ ಹಲ್ಲಿನ ಥಿನ್ನಿಂಗ್ ಕತ್ತರಿ ಇನ್ನೂ ಆಮೇಲೆ, ಕಲಿಯುವವನ ಕೈಗೆ ಅದು ಬೇಗ ಬಂದರೆ ತಪ್ಪು ಕಟಿಂಗನ್ನು ಮುಚ್ಚಿಡುವ ಅಭ್ಯಾಸ ಬೀಳುತ್ತದೆ.

ಡಮ್ಮಿ ತಲೆಯ ಕೂದಲು ನಿಜವಾದದ್ದೇ ಆಗಿರಲಿ. ಪ್ಲಾಸ್ಟಿಕ್ ಕೂದಲು ಐರನ್ ತಾಗಿದರೆ ಕರಗುತ್ತದೆ, ಕತ್ತರಿಗೂ ಸರಿಯಾಗಿ ಸಿಗುವುದಿಲ್ಲ. ಕತ್ತರಿಯನ್ನು ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಬೇಡಿ, ಬೆರಳಿಗೆ ಹಾಕಿ ನೋಡಿ ತೆಗೆಯಿರಿ. ಆ ಕತ್ತರಿಯಲ್ಲಿ ಕಾಗದ, ಬಟ್ಟೆ, ಪ್ಯಾಕೆಟ್ ಏನನ್ನೂ ಕತ್ತರಿಸಬಾರದು, ಮನೆಯವರಿಗೂ ಹೇಳಿಬಿಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ರಾತ್ರಿ ಒರೆಸಿ ತಿರುಪಿನ ಹತ್ತಿರ ಒಂದು ತೊಟ್ಟು ಎಣ್ಣೆ ಬಿಟ್ಟೇ ಒಳಗಿಡಿ.

ಹಂತ 5: ಡಮ್ಮಿ ತಲೆಯ ಮೇಲೆ, ಉದ್ದದಿಂದ ಗಿಡ್ಡಕ್ಕೆ

ಇಲ್ಲಿ ಅವಸರ ಮಾಡಿದವರೇ ಮುಂದೆ ಪರದಾಡುವುದು.

ಮೊದಲ ವಾರ ಕೂದಲನ್ನೇ ಕತ್ತರಿಸಬೇಡಿ. ಉಂಗುರದ ಬೆರಳು ಕತ್ತರಿ ಹಿಡಿಯ ಒಂದು ಕಣ್ಣಿನಲ್ಲಿ, ಹೆಬ್ಬೆರಳಿನ ತುದಿ ಇನ್ನೊಂದರಲ್ಲಿ. ಹೆಬ್ಬೆರಳು ಮಾತ್ರ ಆಡಬೇಕು, ಕೆಳಗಿನ ಅಲಗು ಅಲ್ಲಾಡಬಾರದು. ಅದೇ ಕೈಯಲ್ಲಿ ಬಾಚಣಿಗೆಯನ್ನೂ ಹಿಡಿದು, ಕತ್ತರಿಯನ್ನು ಅಂಗೈಯೊಳಗೆ ಮಡಚಿ, ಬಾಚಿ, ಮತ್ತೆ ತೆರೆಯಬೇಕು. ಟಿವಿ ನೋಡುತ್ತಾ ಗಾಳಿಯಲ್ಲಿ ಮಾಡಿ. ಹೆಬ್ಬೆರಳ ಬುಡದಲ್ಲಿ ಜುಮ್ಮೆನ್ನುವುದು, ಬೆರಳು ಮರಗಟ್ಟುವುದು ಆದರೆ ಹಿಡಿತ ತಪ್ಪಿದೆ ಅಥವಾ ಕತ್ತರಿ ನಿಮ್ಮ ಕೈಗೆ ದೊಡ್ಡದು. ಸಹಿಸಿಕೊಂಡು ಮುಂದುವರಿಸುವ ನೋವಲ್ಲ ಅದು.

ಆಮೇಲೆ ಭಾಗ ಮಾಡುವುದು. ಹಣೆಯಿಂದ ಕುತ್ತಿಗೆಗೆ ಒಂದು ಬೈತಲೆ, ಕಿವಿಯಿಂದ ಕಿವಿಗೆ ಒಂದು, ಒಟ್ಟು ನಾಲ್ಕು ಭಾಗ. ಗೆರೆಯಲ್ಲಿ ಚರ್ಮ ಸ್ವಚ್ಛವಾಗಿ ಕಾಣಬೇಕು, ಅತ್ತಿತ್ತ ಹೋದ ಕೂದಲು ಇರಬಾರದು. ಇದೇನು ದೊಡ್ಡದು ಅಂತ ಬಿಡುತ್ತಾರೆ. ಕಟಿಂಗ್ ಓರೆಯಾಗುವುದಕ್ಕೆ ಅರ್ಧ ಕಾರಣ ಭಾಗ ಓರೆಯಾಗಿರುವುದು.

ಈಗ ಕತ್ತರಿ. ಡಮ್ಮಿಯ ಕೂದಲು ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಒಂದೇ ತಲೆಯಲ್ಲಿ ಎಲ್ಲವನ್ನೂ ಕಲಿಯುವ ಕ್ರಮ ಹೀಗೆ:

1. ಒಂದೇ ಉದ್ದದ ನೇರ ಕಟ್. ಕೂದಲನ್ನು ಎತ್ತದೆ, ಬಿದ್ದ ಹಾಗೇ ಬಾಚಿ, ಹಿಂದಿನಿಂದ ಶುರು ಮಾಡಿ. ಪ್ರತಿ ಸಲ ಅರ್ಧ ಇಂಚು ಮಾತ್ರ.
2. ಕೂದಲನ್ನು 45 ಡಿಗ್ರಿಗೆ ಎತ್ತಿ ಕತ್ತರಿಸುವುದು. ತುದಿಯಲ್ಲಿ ತೂಕ ಹೇಗೆ ಕೂರುತ್ತದೆ ಎಂದು ಕಣ್ಣಿಗೆ ಕಾಣುತ್ತದೆ.
3. 90 ಡಿಗ್ರಿಗೆ ಎತ್ತಿ ಲೇಯರ್ (ಪದರ ಪದರವಾದ ಕಟ್).
4. ಗಂಡಸರ ಕಟ್, ಬಾಚಣಿಗೆಯ ಮೇಲೆ ಕತ್ತರಿ.
5. ಕೊನೆಗೆ ಮೆಷಿನ್ ಮತ್ತು ಫೇಡ್.

ತಿರುಗಾ ಮುರುಗಾ ಮಾಡಿ ಮೊದಲ ದಿನವೇ ಫೇಡ್ ಹೊಡೆದರೆ ಆ ತಲೆ ಅಲ್ಲಿಗೆ ಮುಗಿಯಿತು, ಇನ್ನೊಂದಕ್ಕೆ ದುಡ್ಡು ಹಾಕಿ.

ಪ್ರತಿ ಕಟ್ಟಿನ ಕೊನೆಗೆ ಅಡ್ಡ ಪರೀಕ್ಷೆ ಬೇಕು. ಉದ್ದಕ್ಕೆ ಭಾಗ ಮಾಡಿ ಕತ್ತರಿಸಿದ್ದರೆ ಅಡ್ಡಕ್ಕೆ ಎತ್ತಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಗೈಡ್ ಕೂದಲನ್ನು (ಅಳತೆಗೆ ಇಟ್ಟುಕೊಂಡ ಮೊದಲ ಎಳೆ) ಎಲ್ಲೋ ಕೈಬಿಟ್ಟಿದ್ದೀರಿ. ಒಂದು ಬದಿ ಮಾತ್ರ ಉದ್ದವಾಗುತ್ತಿದ್ದರೆ ನೀವು ನಿಂತ ಜಾಗ ಸರಿಸಿಲ್ಲ, ಕೈ ಚಾಚಿ ಕತ್ತರಿಸಿದ್ದೀರಿ.

ವೃಶ್ಚಿಕ ಮಾಸದಲ್ಲಿ ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಕೂದಲು ಗಡ್ಡ ತೆಗೆಸುವುದಿಲ್ಲ, ಅಂಗಡಿಯಲ್ಲಿ ಜನ ಸ್ವಲ್ಪ ಕಡಿಮೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಗಳಿಲ್ಲ, ಪಾರ್ಲರೂ ತಣ್ಣಗೆ. ಯಜಮಾನರಿಗೂ ಕಲಿಸಲು ಪುರುಸೊತ್ತು ಇರುವ ಕಾಲ ಅದೇ. ಓಣಂ, ಈದ್ ಹಿಂದಿನ ದಿನ ಹೋಗಿ "ಅಣ್ಣಾ, ಫೇಡ್ ತೋರಿಸಿ ಕೊಡಿ" ಅಂದರೆ ಬೈಗುಳ ತಿನ್ನುತ್ತೀರಿ.

ಹಂತ 6: ಬ್ಲೇಡ್ ಹಿಡಿಯುವ ಮೊದಲು ಶುಚಿ ಕಲಿಯಿರಿ

ಹೆಪಟೈಟಿಸ್ ಬಿ ಲಸಿಕೆಯನ್ನು ತರಬೇತಿ ಶುರುವಾದ ವಾರವೇ ಆರಂಭಿಸಿ. ದೊಡ್ಡವರಿಗೆ ಸಾಮಾನ್ಯವಾಗಿ ಮೂರು ಡೋಸ್, ಮೊದಲನೆಯದರ ನಂತರ ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರೂ ಮುಗಿಯುವಷ್ಟರಲ್ಲಿ ನೀವು ಶೇವಿಂಗ್ ಕಲಿಯುವ ಹೊತ್ತು ಬಂದಿರುತ್ತದೆ.

ಬ್ಲೇಡ್ ಒಬ್ಬರಿಗೆ ಒಂದು. ಗಿರಾಕಿಯ ಕಣ್ಣೆದುರೇ ಹೊಸದನ್ನು ಮುರಿದು ಹಾಕಿ, ಹಳೆಯದನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹಾಕಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದಿಂದ ಹರಡುವಂಥವು, ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಬ್ಲೇಡ್ ಬದಲಿಸುವ ಅಂಗಡಿಗಳೂ ಒಂದು ತಪ್ಪು ಮಾಡುತ್ತವೆ: ಗೀರು ಬಿದ್ದ ಜಾಗಕ್ಕೆ ಅದೇ ಪಟಿಕದ ಕಲ್ಲನ್ನು ಎಲ್ಲರ ಮುಖಕ್ಕೂ ಉಜ್ಜುತ್ತಾರೆ. ಬ್ಲೇಡ್ ಬದಲಿಸಿ ಏನು ಬಂತು ಹಾಗಾದರೆ? ಪಟಿಕದ ಪುಡಿ ಇಟ್ಟುಕೊಳ್ಳಿ, ಹತ್ತಿಯಲ್ಲಿ ಹಚ್ಚಿ ಎಸೆಯಿರಿ.

ಕತ್ತರಿ, ಬಾಚಣಿಗೆಗೆ ಕ್ರಮ ಹೀಗೆ. ಕೂದಲು ತೆಗೆಯಿರಿ, ಸೋಪು ನೀರಿನಲ್ಲಿ ತೊಳೆಯಿರಿ, ಒರೆಸಿ, ಆಮೇಲೆ 70 ಶೇಕಡಾ ಆಲ್ಕೋಹಾಲ್. ಕೊಳೆಯ ಮೇಲೆಯೇ ಸ್ಪ್ರೇ ಹೊಡೆದರೆ ಪ್ರಯೋಜನವಿಲ್ಲ.

ಗಿರಾಕಿಯ ತಲೆಯಲ್ಲಿ ಉಂಗುರದ ಹಾಗೆ ಕೂದಲು ಉದುರಿ ಹುರುಪೆ ಎದ್ದ ಜಾಗ, ಕೀವು ತುಂಬಿದ ಗುಳ್ಳೆ ಅಥವಾ ಹೇನು ಕಂಡರೆ ಕತ್ತರಿ ಕೆಳಗಿಡಿ. ಜೋರಾಗಿ ಹೇಳಬೇಡಿ, ಕಿವಿ ಹತ್ತಿರ ಮೆಲ್ಲಗೆ, "ಇದನ್ನು ಡಾಕ್ಟರಿಗೆ ತೋರಿಸಿ ಬನ್ನಿ, ಆಮೇಲೆ ಮಾಡುವ" ಅನ್ನಿ.

ಹಂತ 7: ನಿಜವಾದ ತಲೆ

ಶುರು ಮನೆಯ ಗಂಡಸರಿಂದ. ಅಪ್ಪ, ಮಾವ, ಭಾವ, ತಲೆಯ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳದವರು ಪ್ರತಿ ಮನೆಯಲ್ಲೂ ಇದ್ದಾರೆ. ಮದುವೆ ಹತ್ತಿರ ಇರುವವರನ್ನು ಮುಟ್ಟಬೇಡಿ.

ಮೊದಲು ಒಣಗಿದ ಕೂದಲನ್ನು ನೋಡಿ. ಸುಳಿ ಎಲ್ಲಿದೆ, ಒಂದೋ ಎರಡೋ, ಕುತ್ತಿಗೆಯಲ್ಲಿ ಕೂದಲು ಯಾವ ಕಡೆ ತಿರುಗಿದೆ. ಸುಳಿಯ ಹತ್ತಿರ ಸ್ವಲ್ಪ ಉದ್ದ ಬಿಡಬೇಕು, ಗಿಡ್ಡ ಮಾಡಿದರೆ ಕೋಳಿ ಜುಟ್ಟಿನ ಹಾಗೆ ಎದ್ದು ನಿಲ್ಲುತ್ತದೆ. ಒದ್ದೆ ಕೂದಲು ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ, ಗುಂಗುರು ಕೂದಲಾದರೆ ಇನ್ನೂ ಜಾಸ್ತಿ. "ಸ್ವಲ್ಪ ಗಿಡ್ಡ" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆ, ಆದ್ದರಿಂದ ಬೆರಳಲ್ಲಿ ಹಿಡಿದು ಕನ್ನಡಿಯಲ್ಲಿ ತೋರಿಸಿ ಕೇಳಿ. ಈ ಪ್ರಶ್ನೆಯನ್ನು ಮಲಯಾಳ, ತುಳು, ಬ್ಯಾರಿ ಮೂರರಲ್ಲೂ ಕೇಳಲು ಬಂದರೆ ನಮ್ಮೂರಿನಲ್ಲಿ ನಿಮಗೆ ಗಿರಾಕಿ ತಪ್ಪುವುದಿಲ್ಲ.

ಮೆಷಿನಿನಲ್ಲಿ ದೊಡ್ಡ ಗಾರ್ಡಿನಿಂದ (ಎಷ್ಟು ಉದ್ದ ಉಳಿಯಬೇಕೆಂದು ಮೆಷಿನಿಗೆ ಸಿಕ್ಕಿಸುವ ಬಾಚಣಿಗೆ) ಶುರು. ಸಾಮಾನ್ಯವಾಗಿ 1ನೇ ಗಾರ್ಡ್ ಎಂದರೆ 3 ಮಿಲಿಮೀಟರ್, 2 ಎಂದರೆ 6, 4 ಎಂದರೆ ಸುಮಾರು 13. ಮೊದಲು 4, ಆಮೇಲೆ ಕೆಳಗಿನಿಂದ 2, ಬೇಕಾದರೆ 1. ಮೇಲೆ ಹೋಗುತ್ತಾ ಮೆಷಿನನ್ನು ತಲೆಯಿಂದ ಹೊರಕ್ಕೆ ತಿರುಗಿಸಿ, ತಲೆಗೆ ಒತ್ತಿ ಹಿಡಿದು ಸೀದಾ ಏರಿಸಿದರೆ ಗೆರೆ ಬೀಳುತ್ತದೆ. ಆ ಗೆರೆ ತೆಗೆಯಲು ಮೇಲೆ, ಮತ್ತೆ ಮೇಲೆ ಅಂತ ಹೋಗಿ ಕೊನೆಗೆ ಇಡೀ ತಲೆ ಬೋಳಾಗುವುದು ಕಲಿಯುವವರ ಹಳೆಯ ಕತೆ. ಗೆರೆ ಬಿದ್ದರೆ ನಿಲ್ಲಿಸಿ, ದೊಡ್ಡವರನ್ನು ಕರೆಯಿರಿ.

ಶೇವಿಂಗ್‌ಗೆ ಬ್ಲೇಡ್ ಸುಮಾರು 30 ಡಿಗ್ರಿ, ಇನ್ನೊಂದು ಕೈಯಲ್ಲಿ ಚರ್ಮ ಬಿಗಿ ಹಿಡಿಯಿರಿ, ಮೊದಲ ಸಲ ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಅಭ್ಯಾಸ ಬಲೂನಿಗೆ ನೊರೆ ಹಚ್ಚಿ. ಒಡೆಯಿತು ಅಂದರೆ ಮುಖಕ್ಕೆ ಇನ್ನೂ ಸಮಯ ಇದೆ.

ಈ ಹಂತದಲ್ಲಿ ಅಂಗಡಿಯ ಯಜಮಾನರ ಮೇಲೂ ಕಣ್ಣಿರಲಿ. ಆರು ತಿಂಗಳಾದರೂ ಬಾಚಣಿಗೆ ಕೈಗೆ ಕೊಟ್ಟಿಲ್ಲ, ಕೇಳಿದರೆ "ನೋಡಿ ಕಲಿ" ಅನ್ನುತ್ತಾರೆ, ಚಾ ತರಲು ಮಾತ್ರ ನೆನಪು ಮಾಡುತ್ತಾರೆ ಅಂತಾದರೆ ಅಂಗಡಿ ಬದಲಿಸಿ. ಬೈಯುವ ಯಜಮಾನ ಪರವಾಗಿಲ್ಲ, ಕಲಿಸದ ಯಜಮಾನ ಬೇಡ.

ಹಂತ 8: ಬಣ್ಣ, ಸ್ಟ್ರೇಟ್ನಿಂಗ್ ಎಲ್ಲಕ್ಕಿಂತ ಕೊನೆಗೆ

ದುಡ್ಡು ಇದರಲ್ಲೇ ಜಾಸ್ತಿ, ಅದಕ್ಕೇ ಎಲ್ಲರಿಗೂ ಇದೇ ಮೊದಲು ಬೇಕು. ಕಟಿಂಗ್ ತಪ್ಪಿದರೆ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಕೆಮಿಕಲ್ ತಪ್ಪಿದರೆ ನೆತ್ತಿ ಸುಡುತ್ತದೆ.

ಡೈ ಹಚ್ಚುವ 48 ಗಂಟೆ ಮೊದಲು ಕಿವಿ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಬೇಕು. ತುರಿ, ಕೆಂಪು, ಊತ ಬಂದರೆ ಆ ಬಣ್ಣ ಬೇಡವೇ ಬೇಡ. ಕಪ್ಪು ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಮುಖವೇ ಊದುವಷ್ಟು ಅಲರ್ಜಿ ಮಾಡುತ್ತದೆ. "ಮುಂಚೆ ಹಚ್ಚಿದ್ದೇನೆ, ಏನೂ ಆಗಿಲ್ಲ" ಎಂಬ ಮಾತು ನಂಬಬೇಡಿ, ಅಲರ್ಜಿ ಹತ್ತನೇ ಸಲವೂ ಬರಬಹುದು. ಮದುವೆಗೆ ಕಪ್ಪು ಮೆಹಂದಿ ಹಾಕಿಸಿ ಕೈ ಉರಿದಿತ್ತೇ ಎಂದು ಕೇಳಿ. ಹೌದು ಅಂದರೆ ಎಚ್ಚರ, ಅದರಲ್ಲೂ ಅನೇಕ ಸಲ ಪಿಪಿಡಿ ಬೆರೆಸಿರುತ್ತಾರೆ.

ಡೆವಲಪರ್ (ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್) 3 ಶೇಕಡಾ ಎಂದರೆ 10 ವಾಲ್ಯೂಮ್, 6 ಎಂದರೆ 20, 9 ಎಂದರೆ 30, 12 ಎಂದರೆ 40. ಬಿಳಿ ಕೂದಲು ಮುಚ್ಚಲು ಸಾಮಾನ್ಯವಾಗಿ 20 ಸಾಕು. ಬೇಗ ಆಗಲಿ ಅಂತ 40 ಬೆರೆಸುವುದು ಕಲಿಯುವವರ ಕೆಲಸವಲ್ಲ. ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ. ಕೆಲವು ಸ್ಮೂದನಿಂಗ್ ಕ್ರೀಮುಗಳು ಬಿಸಿ ಮಾಡುವಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೊರಬಿಡುತ್ತವೆ, ಕಣ್ಣು ಗಂಟಲು ಉರಿಯುತ್ತಿದ್ದರೆ ಎಸಿ ನಿಲ್ಲಿಸಿ ಕಿಟಕಿ ತೆರೆಯಿರಿ.

ಹಂತ 9: ಕಲಿತ ಮೇಲೆ

ಗಲ್ಫಿಗೆ ಹೋಗುವುದಾದರೆ ಏಜೆಂಟ್ ಕೇಂದ್ರ ಸರಕಾರದ ಇಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತನೇ ಎಂದು ಮೊದಲು ನೋಡಿ. "ವಿಸಿಟ್ ವಿಸಾದಲ್ಲಿ ಹೋಗು, ಅಲ್ಲಿ ಬದಲಿಸುವ" ಅಂದರೆ ಹೋಗಬೇಡಿ. ಸರ್ಟಿಫಿಕೇಟ್ ದೃಢೀಕರಣಕ್ಕೆ ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾ ರೂಟ್ಸ್ ಇದೆ.

ಸ್ವಂತ ಅಂಗಡಿಗೆ ಸಾಲ ತೆಗೆಯುವವರು ಇದೊಂದನ್ನು ಗಮನಿಸಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. 18 ವರ್ಷ ತುಂಬಿ ಸ್ವಂತವಾಗಿ ಕಸುಬು ಮಾಡುತ್ತಿರುವವರಿಗೆ ತರಬೇತಿ ದಿನಕ್ಕೆ 500 ರೂಪಾಯಿ ಸ್ಟೈಪೆಂಡ್, 15,000 ರೂಪಾಯಿವರೆಗೆ ಸಾಮಾನಿನ ನೆರವು, 5 ಶೇಕಡಾ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಂದು ಮನೆಗೆ ಒಬ್ಬರಿಗೆ ಮಾತ್ರ, ಸರಕಾರಿ ಕೆಲಸದವರ ಮನೆಗೆ ಇಲ್ಲ. ಅವಸರದಲ್ಲಿ ಮೊದಲೇ ಮುದ್ರಾ ಸಾಲ ತೆಗೆದು ತೀರಿಸದೆ ಇದ್ದರೆ ಇದು ಸಿಗುವುದಿಲ್ಲ. ಹಾಗಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ಪಂಚಾಯತಿಗೆ ಹೋಗಿ ಈ ಯೋಜನೆಯ ನೋಂದಣಿ ವಿಚಾರಿಸಿ. ಅಂಗಡಿಯ ಲೈಸೆನ್ಸ್ ಅರ್ಜಿಯನ್ನೂ ಅಲ್ಲೇ ಕೇಳಿ, ಕತ್ತರಿಸಿದ ಕೂದಲನ್ನು ಯಾರು ಒಯ್ಯುತ್ತಾರೆ ಎಂಬುದನ್ನೂ. ಗೋಣಿಯಲ್ಲಿ ತುಂಬಿ ತೋಡಿಗೆ ಎಸೆದರೆ ದಂಡ ಬೀಳುತ್ತದೆ.